ಅಡಿಕೆ ತೋಟಕ್ಕೆ ಸ್ಪೀಕರ್ ಕಟ್ಟಿದರೆ ಫಸಲು ಜಾಸ್ತಿಯಾಗುತ್ತದಾ?

ಸುರಂಗದ ನೀರು, ಪೆರ್ಲ
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಇಬ್ಬರು ಹುಡುಗರು ಬೈಕಿನಲ್ಲಿ ಮನೆಗೆ ಬಂದಿದ್ದರು. ತೋಟದಲ್ಲಿ ಇಡುವ ಸೌಂಡ್ ಬಾಕ್ಸ್ ಮಾರುವವರು. ಒಂದು ಸೋಲಾರ್ ಪ್ಲೇಟು, ಒಂದು ಕಂಟ್ರೋಲರ್, ನಾಲ್ಕು ಸ್ಪೀಕರ್. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತನ್ನಷ್ಟಕ್ಕೇ ಆನ್ ಆಗುತ್ತದೆ. ವೀಣೆ, ಕೊಳಲು, ಮಂತ್ರ ಎಲ್ಲ ಬರುತ್ತದೆ. ಎಕರೆಗೆ ಒಂದು ಸೆಟ್ ಸಾಕಂತೆ. ಮೂರೇ ತಿಂಗಳಲ್ಲಿ ಅಡಿಕೆ ಇಳುವರಿ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತದೆ, ನಳ್ಳಿ (ಎಳೆ ಅಡಿಕೆ ಕಾಯಿ) ಉದುರುವುದು ನಿಲ್ಲುತ್ತದೆ ಅಂದರು. ಬೆಲೆ 18,000 ರೂಪಾಯಿ. ಈ ತಿಂಗಳೊಳಗೆ ತೆಗೆದುಕೊಂಡರೆ 2,000 ಕಡಿಮೆ.

ನನಗೆ ಅರ್ಧ ನಂಬಿಕೆ, ಅರ್ಧ ಸಂಶಯ. ಅಪ್ಪನಿಗೆ ಪೂರ್ತಿ ನಂಬಿಕೆ. ಮಂತ್ರ ಇದೆಯಲ್ಲ! ಯಾರಾದರೂ ಹಾಕಿ ನೋಡಿದ್ದೀರಾ? ಓದಿ ತಿಳಿದವರು ಏನು ಹೇಳುತ್ತೀರಿ?

ಚೆಂಡೆಪೆಟ್ಟು
ನಮ್ಮದು ಕುಂಬಳೆ ಸೀಮೆಯ ಅಡಿಕೆ ಮಾರಾಯ್ರೇ. ಯಕ್ಷಗಾನದ ಪಾರ್ತಿಸುಬ್ಬನ ಊರು. ವೀಣೆಗೆಲ್ಲ ಬಗ್ಗುವುದಿಲ್ಲ. ಚೆಂಡೆ, ಮದ್ದಳೆಯೇ ಆಗಬೇಕು.

ಕಾಳುಮೆಣಸು
ನಳ್ಳಿ ಉದುರುವುದು ನಿಲ್ಲುತ್ತದೆ ಅಂದವರಿಗೆಲ್ಲ ದುಡ್ಡು ಕೊಡುತ್ತಾ ಹೋಗಿದ್ದರೆ ನನ್ನ ಹತ್ತಿರ ಈಗ ತೋಟವೇ ಇರುತ್ತಿರಲಿಲ್ಲ.

ಬಾಯಾರು ಮಾವ
ನಗುವ ಮೊದಲು ಸ್ವಲ್ಪ ತಿಳಿದುಕೊಳ್ಳಿ. ಇದು ನಿನ್ನೆ ಮೊನ್ನೆಯ ಕತೆ ಅಲ್ಲ. ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಟಿ.ಸಿ.ಎನ್. ಸಿಂಗ್ ಅಂತ ಸಸ್ಯಶಾಸ್ತ್ರದ ಮುಖ್ಯಸ್ಥರಿದ್ದರು. 1950ರ ದಶಕದಲ್ಲೇ ಅವರು ಗಿಡಗಳಿಗೆ ಸಂಗೀತ ಕೇಳಿಸಿ ಪ್ರಯೋಗ ಮಾಡಿದ್ದಾರೆ. ಮೊದಲು ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲಾ ಗಿಡ, ಆಮೇಲೆ ಗೌರಿ ಹೂವು, ಆಮೇಲೆ ಭತ್ತ. ಚಾರುಕೇಶಿ ರಾಗವನ್ನು ಲೌಡ್‌ಸ್ಪೀಕರ್‌ನಲ್ಲಿ ಗದ್ದೆಗೆ ಬಿಟ್ಟಿದ್ದರು. ಫಸಲು 25ರಿಂದ 60 ಶೇಕಡಾ ಜಾಸ್ತಿ ಬಂತು ಅಂತ ವರದಿ. ಗೆಜ್ಜೆ ಕಟ್ಟದೆ ಭರತನಾಟ್ಯ ಆಡಿಸಿಯೂ ನೋಡಿದ್ದಾರೆ, ಚೆಂಡುಹೂವು ಬೇಗ ಅರಳಿತಂತೆ. ಹೊರದೇಶದವರು ಬಂದು ಹೇಳುವ ತನಕ ನಮ್ಮವರು ಯಾವುದನ್ನೂ ನಂಬುವುದಿಲ್ಲ, ಅದೇ ದೊಡ್ಡ ಕಷ್ಟ.

ಸುರಂಗದ ನೀರು, ಪೆರ್ಲ
ಬೈಕಿನವರೂ ಇದನ್ನೇ ಹೇಳಿದರು ಮಾವ! ಚಾರುಕೇಶಿ ಅಂತಲೇ ಹೇಳಿದರು.

ಕಾಳುಮೆಣಸು
ಎಲ್ಲ ಕಡೆ ಅದೊಂದೇ ಕತೆ ಓಡುತ್ತಿರುವುದು. ಎಪ್ಪತ್ತು ವರ್ಷದಲ್ಲಿ ಎರಡನೇ ಉದಾಹರಣೆ ಹುಟ್ಟಲಿಲ್ಲವಾ?

ತೋಟದ ಟೀಚರ್, ನೀರ್ಚಾಲು
ಮಾವ ಹೇಳಿದ ಸಿಂಗ್ ಅವರ ಪ್ರಯೋಗ ನಡೆದದ್ದು ನಿಜ. ಆದರೆ 25ರಿಂದ 60 ಶೇಕಡಾ ಜಾಸ್ತಿ ಅಂದರೆ ಯಾವುದಕ್ಕಿಂತ ಜಾಸ್ತಿ? ಅಲ್ಲೇ ಇದೆ ವಿಷಯ. ಆ ಸೀಮೆಯ ಸರಾಸರಿಗಿಂತ ಜಾಸ್ತಿ ಅಂತ ಲೆಕ್ಕ. ಸರಾಸರಿಯಲ್ಲಿ ಒಳ್ಳೆಯ ಗದ್ದೆ, ಬರಡು ಗದ್ದೆ, ನೀರಿಲ್ಲದ ಗದ್ದೆ ಎಲ್ಲ ಸೇರುತ್ತವೆ. ವಿಶ್ವವಿದ್ಯಾಲಯದವರು ದಿನಾ ಬಂದು ನೋಡಿಕೊಳ್ಳುವ ಗದ್ದೆ ಸರಾಸರಿಗಿಂತ ಮೇಲೆ ಇರುವುದರಲ್ಲಿ ಆಶ್ಚರ್ಯ ಏನಿದೆ? ಪಕ್ಕದಲ್ಲೇ ಅದೇ ಮಣ್ಣು, ಅದೇ ಬೀಜ, ಅದೇ ಗೊಬ್ಬರ, ಅದೇ ಆರೈಕೆ ಇದ್ದು ಸಂಗೀತ ಮಾತ್ರ ಇಲ್ಲದ ಗದ್ದೆಯ ಜೊತೆ ಹೋಲಿಸಬೇಕಿತ್ತು.

1973ರಲ್ಲಿ ಅಮೆರಿಕದ ಡೊರೊಥಿ ರಿಟಾಲಕ್ ಎಂಬವರ ಪ್ರಯೋಗ ಇನ್ನೂ ಹೆಚ್ಚು ಪ್ರಚಾರ ಪಡೆಯಿತು. ರಾಕ್ ಸಂಗೀತ ಹಾಕಿದರೆ ಗಿಡ ದೂರಕ್ಕೆ ವಾಲುತ್ತದೆ, ರವಿಶಂಕರರ ಸಿತಾರ್ ಹಾಕಿದರೆ ಸ್ಪೀಕರ್ ಕಡೆಗೇ ಬಾಗುತ್ತದೆ ಅಂತ. ಸಿತಾರ್ ಅಂದ ಕೂಡಲೇ ನಮಗೆ ಖುಷಿ. ಆದರೆ ಗಿಡ ಬೆಳಕಿಗೆ ವಾಲುತ್ತದೆ, ಒಂದು ಕಡೆ ತೇವ ಜಾಸ್ತಿ ಇದ್ದರೆ ಆ ಕಡೆ ಚೆನ್ನಾಗಿ ಬೆಳೆಯುತ್ತದೆ. ನಾಲ್ಕಾರು ಕುಂಡ ಇಟ್ಟುಕೊಂಡು ಗಿಡಕ್ಕೆ ಸಿತಾರ್ ಇಷ್ಟ ಅಂದುಬಿಡಲು ಆಗುವುದಿಲ್ಲ. ಗಿಡಕ್ಕೆ ಇಷ್ಟವಾದದ್ದೋ, ಪ್ರಯೋಗ ಮಾಡಿದವರಿಗೆ ಇಷ್ಟವಾದದ್ದೋ?

ಮಲ್ಲಿಗೆ ಅಕ್ಕ, ಮಂಜೇಶ್ವರ
ಟೀಚರೇ, ನಾನು ತಾರಸಿಯಲ್ಲಿ ಮಲ್ಲಿಗೆ ಬೆಳೆಸುತ್ತಿದ್ದೇನೆ. ಗ್ರೋಬ್ಯಾಗ್ ಸಾಲಿನ ಹತ್ತಿರ ರೇಡಿಯೋ ಇಟ್ಟಿದ್ದೇನೆ. ಬೆಳಗಾಗುವ ಮೊದಲೇ ಮೊಗ್ಗು ಕೊಯ್ಯಲು ಹೋಗುವಾಗ ಮಂಗಳೂರು ಆಕಾಶವಾಣಿ ಹಾಕುತ್ತೇನೆ. ಪಕ್ಕದ ಮನೆಯವರದ್ದೂ ನಮ್ಮಲ್ಲಿಂದಲೇ ಕೊಟ್ಟ ಗಿಡ. ಅವರಿಗೆ ಒಂದು ಚೆಂಡು ಆಗುವಷ್ಟು ಹೂ ಸಿಗುವಾಗ ನನಗೆ ಅಟ್ಟೆ (ನಾಲ್ಕು ಚೆಂಡು) ಲೆಕ್ಕದಲ್ಲಿ ಸಿಗುತ್ತದೆ. ಇದಕ್ಕೆ ಏನು ಹೇಳುತ್ತೀರಿ?

ಕಾಳುಮೆಣಸು
ಅಕ್ಕ, ನೀವು ದಿನಾ ಕತ್ತಲಲ್ಲಿ ಎದ್ದು ಗಿಡದ ಬುಡಕ್ಕೆ ಹೋಗುತ್ತೀರಿ. ಪಕ್ಕದವರು ಎಷ್ಟು ಗಂಟೆಗೆ ಏಳುತ್ತಾರೆ?

ಮಲ್ಲಿಗೆ ಅಕ್ಕ, ಮಂಜೇಶ್ವರ
ಅದನ್ನು ಇಲ್ಲಿ ಬರೆಯುವುದಿಲ್ಲ. ಅವರೂ ಇದನ್ನು ಓದುತ್ತಾರೆ.

ತೋಟದ ಟೀಚರ್, ನೀರ್ಚಾಲು
ಅಕ್ಕನ ರೇಡಿಯೋ ಕೆಲಸ ಮಾಡುತ್ತಿದೆ, ಆದರೆ ಅಕ್ಕನ ಮೇಲೆ. ಹಾಡು ಇದ್ದರೆ ಕೆಲಸ ಬೇಸರ ಬರುವುದಿಲ್ಲ. ನಾಲ್ಕು ಗಿಡ ಜಾಸ್ತಿ ನೋಡುತ್ತೀರಿ. ಮೊಗ್ಗು ಕೊರೆಯುವ ಹುಳ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಒಣಗಿದ ಗೆಲ್ಲು ಕಂಡ ಕೂಡಲೇ ಚಿವುಟುತ್ತೀರಿ. ರೇಡಿಯೋ ತೆಗೆಯಬೇಡಿ.

ಬಾಯಾರು ಮಾವ
ಜಗದೀಶಚಂದ್ರ ಬೋಸರು ಗಿಡಕ್ಕೆ ಜೀವ ಇದೆ ಅಂತ ತೋರಿಸಿದ ದೇಶ ನಮ್ಮದು. ಎಲ್ಲವನ್ನೂ ಇಲ್ಲ ಅಂದರೆ ಹೇಗೆ?

ತೋಟದ ಟೀಚರ್, ನೀರ್ಚಾಲು
ಬೋಸರು ನಾಚಿಕೆ ಮುಳ್ಳಿನ ಮೇಲೆ ಮಾಡಿದ ಕೆಲಸ ಬಹಳ ದೊಡ್ಡದು. ಗಿಡದೊಳಗೆ ವಿದ್ಯುತ್ ಸಂದೇಶ ಓಡುತ್ತದೆ ಅಂತ ತೋರಿಸಿದರು. ಕೂದಲೆಳೆಯಷ್ಟು ಬೆಳವಣಿಗೆಯನ್ನೂ ಅಳೆಯುವ ಕ್ರೆಸ್ಕೋಗ್ರಾಫ್ ಕಟ್ಟಿದರು. ಅದಕ್ಕೂ 18,000 ರೂಪಾಯಿಯ ಸ್ಪೀಕರಿಗೂ ಸಂಬಂಧ ಕಟ್ಟುವುದು ಬೋಸರಿಗೆ ಮಾಡುವ ಅನ್ಯಾಯ, ಮಾವ.

ಮೈಕ್‌ಸೆಟ್, ಬದಿಯಡ್ಕ
ನಾನು ಸೌಂಡ್ ಲೈನಿನವನು. ಮದುವೆ, ಕೋಲ, ಯಕ್ಷಗಾನದ ಆಟ ಎಲ್ಲದಕ್ಕೂ ಸೆಟ್ ಕಟ್ಟುತ್ತೇನೆ. ಗಿಡದ ವಿಷಯ ಗೊತ್ತಿಲ್ಲ, ಸ್ಪೀಕರಿನ ವಿಷಯ ಗೊತ್ತು.

ಬಯಲಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಸ್ಪೀಕರಿನಿಂದ 1 ಮೀಟರಿನಲ್ಲಿ 90 ಇದ್ದರೆ, 2 ಮೀಟರಿಗೆ 84, 4ಕ್ಕೆ 78, 8ಕ್ಕೆ 72, 16ಕ್ಕೆ 66. ಎದುರೆದುರು ಕೂತು ಮಾತಾಡಿದರೆ 60ರ ಹತ್ತಿರ ಬರುತ್ತದೆ. ಒಂದು ಎಕರೆ ಅಂದರೆ ಸುಮಾರು 64 ಮೀಟರ್ ಉದ್ದ, 64 ಮೀಟರ್ ಅಗಲ. ನಾಲ್ಕು ಸ್ಪೀಕರ್ ಎಲ್ಲಿ ಕಟ್ಟಿದರೂ ಸುಮಾರು ಮರಗಳಿಗೆ ಸಿಗುವುದು ಬುಡದಲ್ಲಿ ನಾಲ್ಕು ಜನ ನಿಂತು ಮಾತಾಡಿದಷ್ಟೇ ಶಬ್ದ. ಮಧ್ಯೆ ಬಾಳೆ, ಕೊಕ್ಕೊ, ಮೆಣಸಿನ ಬಳ್ಳಿ ಬೇರೆ. ಹಿಂಗಾರ (ಅಡಿಕೆಯ ಹೂಗೊನೆ) ಇರುವುದು 40 ಅಡಿ ಮೇಲೆ!

ಆ ಲೆಕ್ಕದಲ್ಲಿ ಕೊಯ್ಲಿಗೆ ಬಂದ ಆಳುಗಳ ಮಾತಿಗೇ ಅಡಿಕೆ ಬೆಳೆಯಬೇಕಿತ್ತು.

ಚೆಂಡೆಪೆಟ್ಟು
ನಮ್ಮ ತೋಟದ ಆಳುಗಳ ಮಾತು ಕೇಳಿದರೆ ಅಡಿಕೆ ನಾಚಿ ಕೆಂಪಾಗುತ್ತದೆ. ಬೇಗ ಹಣ್ಣಾಗಬಹುದು.

ಗದ್ದೆಬದಿ
ವಾಲ್ಯೂಮ್ ಜಾಸ್ತಿ ಇಟ್ಟರೆ ಆಯಿತಲ್ಲ?

ಮೈಕ್‌ಸೆಟ್, ಬದಿಯಡ್ಕ
ಇಡಿ. ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಕಾನೂನಿದೆ, 2000ದ ನಿಯಮ. ಬೆಳಿಗ್ಗೆ ಐದಕ್ಕೆ ಚಾರುಕೇಶಿ ಹಾಕಿದರೆ ಮೊದಲು ಬರುವುದು ಫಸಲಲ್ಲ, ಪಕ್ಕದ ಮನೆಯವರು.

ದೇಲಂಪಾಡಿಯವ
ನಮ್ಮಲ್ಲಿ ತೋಟದಲ್ಲಿ ರೇಡಿಯೋ ರಾತ್ರಿಯಿಡೀ ಹಾಡುತ್ತದೆ. ಅಡಿಕೆಗಲ್ಲ, ಹಂದಿಗೆ. ಮನುಷ್ಯರ ಮಾತು ಕೇಳಿದರೆ ಕಾಡುಹಂದಿ ಸ್ವಲ್ಪ ಹಿಂದೆ ನಿಲ್ಲುತ್ತದೆ. ಹಾಡಿಗಿಂತ ವಾರ್ತೆ ಒಳ್ಳೆಯದು. ಆದರೆ ಒಂದೇ ಜಾಗದಲ್ಲಿ ಇಟ್ಟರೆ ಕೆಲವೇ ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ. ಆಮೇಲೆ ರೇಡಿಯೋದ ಬುಡದಲ್ಲೇ ಗೆಡ್ಡೆ ಅಗೆದು ಹೋಗುತ್ತವೆ. ಆನೆಗೆ ಇದ್ಯಾವುದೂ ಲೆಕ್ಕವೇ ಇಲ್ಲ. ಬಾಳೆ ಕಂಡರೆ ಬಂತು.

ಗದ್ದೆಬದಿ
ಮಂಗನಿಗೆ?

ದೇಲಂಪಾಡಿಯವ
ಮಂಗ ಚಾನೆಲ್ ಬದಲಿಸಿ ಕೂರುತ್ತದೆ.

ದುಬೈಯಿಂದ ಉಪ್ಪಳ
ಎಲ್ಲರೂ ತಮಾಷೆ ಮಾಡುತ್ತಿದ್ದೀರಿ. ಚೀನಾದಲ್ಲಿ ಹಸಿರುಮನೆಗಳಲ್ಲಿ ಇದನ್ನು ದೊಡ್ಡದಾಗಿ ಮಾಡಿದ್ದಾರೆ. 2014ರಲ್ಲಿ ಬಂದ ಒಂದು ವಿಮರ್ಶಾ ಲೇಖನದಲ್ಲಿ ಅಂಕಿ ಇದೆ. ಟೊಮೇಟೊ 13.2 ಶೇಕಡಾ, ಸೌತೆ 37.1 ಶೇಕಡಾ, ಭತ್ತ 5.7 ಶೇಕಡಾ ಜಾಸ್ತಿ. ಅವರು ಹಾಡು ಹಾಕುವುದಿಲ್ಲ, ಲೆಕ್ಕ ಹಾಕಿದ ಫ್ರೀಕ್ವೆನ್ಸಿ ಹಾಕುತ್ತಾರೆ. ಹಾಗಾಗಿ ವೀಣೆ, ಮಂತ್ರ ಸುಳ್ಳಿರಬಹುದು. ಶಬ್ದ ಸುಳ್ಳಲ್ಲ.

ಲ್ಯಾಬ್ ಹುಡುಗಿ
ಉಪ್ಪಳದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ನಾನು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ, ಈ ವಿಷಯದಲ್ಲೇ ಸೆಮಿನಾರ್ ಕೊಟ್ಟಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ಗಿಡಕ್ಕೆ ಕಿವಿ ಇಲ್ಲ, ಆದರೆ ಕಂಪನ ಗೊತ್ತಾಗುತ್ತದೆ. ಎಲೆ, ಕಾಂಡ ಅಲುಗಿದರೆ ಜೀವಕೋಶದ ಪೊರೆ ಹಿಗ್ಗಿ ಕುಗ್ಗುತ್ತದೆ. ಅಲ್ಲಿರುವ ಸಣ್ಣ ಬಾಗಿಲುಗಳು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅಲ್ಲಿಂದ ಮುಂದೆ ಬೇರೆ ಬೇರೆ ಕೆಲಸ ಶುರುವಾಗುತ್ತದೆ. ಕೊರಿಯಾದವರು ಭತ್ತದ ಸಸಿಗೆ 125 ಮತ್ತು 250 ಹರ್ಟ್ಸ್ ಶಬ್ದ ಕೊಟ್ಟಾಗ ಎರಡು ಜೀನುಗಳು ಚುರುಕಾದವು, 50 ಹರ್ಟ್ಸ್‌ಗೆ ಮಂಕಾದವು. ಅದು ಲ್ಯಾಬಿನೊಳಗೆ, ಹತ್ತಿರದಿಂದ. ಜೀನು ಚುರುಕಾದರೆ ಚೀಲ ತುಂಬುತ್ತದೆ ಅಂತ ಅಲ್ಲ.

ನನಗೆ ತುಂಬಾ ಇಷ್ಟವಾದದ್ದು ಮಿಸೌರಿ ವಿಶ್ವವಿದ್ಯಾಲಯದ 2014ರ ಕೆಲಸ. ಸಾಸಿವೆ ಜಾತಿಯ ಒಂದು ಸಣ್ಣ ಗಿಡ. ಕಂಬಳಿಹುಳ ಎಲೆ ಅಗಿಯುವಾಗ ಎಲೆ ನಡುಗುತ್ತದಲ್ಲ, ಆ ನಡುಕವನ್ನು ಲೇಸರಿನಿಂದ ಅಳೆದರು. ಆಮೇಲೆ ಹುಳ ಇಲ್ಲದೆಯೇ ಅದೇ ನಡುಕವನ್ನು ಎಲೆಗೆ ಕೊಟ್ಟರು. ಆಮೇಲೆ ನಿಜವಾದ ಹುಳ ಬಿಟ್ಟಾಗ, ಮೊದಲೇ ನಡುಕ ಅನುಭವಿಸಿದ ಗಿಡಗಳು ಹುಳಕ್ಕೆ ಆಗದ ಖಾರದ ರಾಸಾಯನಿಕವನ್ನು ಜಾಸ್ತಿ ಮಾಡಿಕೊಂಡವು. ಗಾಳಿಯ ನಡುಕ ಕೊಟ್ಟರೆ, ಬೇರೆ ಕೀಟದ ಹಾಡಿನ ನಡುಕ ಕೊಟ್ಟರೆ ಏನೂ ಆಗಲಿಲ್ಲ. ಅಂದರೆ ತನಗೆ ಬೇಕಾದದ್ದು ಯಾವುದು, ಬೇಡದ್ದು ಯಾವುದು ಅಂತ ಗಿಡ ಬೇರೆ ಮಾಡುತ್ತದೆ.

ಟೆಲ್ ಅವೀವ್ ವಿಶ್ವವಿದ್ಯಾಲಯದವರು 2019ರಲ್ಲಿ ಇನ್ನೊಂದು ತೋರಿಸಿದರು. ಸಮುದ್ರ ತೀರದಲ್ಲಿ ಬೆಳೆಯುವ ಒಂದು ಹಳದಿ ಹೂವಿಗೆ ಹಾರುವ ಜೇನುನೊಣದ ಶಬ್ದ ಕೇಳಿಸಿದರೆ ಮೂರೇ ನಿಮಿಷದಲ್ಲಿ ಮಕರಂದದ ಸಿಹಿ ಏರುತ್ತದೆ. ತುಂಬಾ ಹೆಚ್ಚು ಫ್ರೀಕ್ವೆನ್ಸಿಯ ಶಬ್ದಕ್ಕೆ ಏರುವುದಿಲ್ಲ.

ಹುಳ, ದುಂಬಿ ಇವೆಲ್ಲ ಗಿಡದ ಬದುಕಿಗೆ ಬೇಕಾದ ಶಬ್ದಗಳು. ವೀಣೆ ನಮಗೆ ಬೇಕಾದದ್ದು.

ಬಾಯಾರು ಮಾವ
ಒಳ್ಳೆಯದಾಗಿ ಬರೆದೆ ಮಗಳೇ. ಆದರೂ ವೀಣೆಯ ತಂತಿ 125 ಹರ್ಟ್ಸ್‌ಗೆ ಬರುವುದಿಲ್ಲವಾ?

ಲ್ಯಾಬ್ ಹುಡುಗಿ
ಬರುತ್ತದೆ ಮಾವ. ಪಂಪ್‌ಸೆಟ್ಟಿನಿಂದಲೂ ಬರಬಹುದು.

ಚೆಂಡೆಪೆಟ್ಟು
ಅದಕ್ಕೇ ಕೆರೆಯ ಹತ್ತಿರದ ಮರಕ್ಕೆ ಫಸಲು ಜಾಸ್ತಿ!

ಕಾಳುಮೆಣಸು
ಚೀನಾದ ಲೆಕ್ಕದ ಬಗ್ಗೆ ಒಂದು ಮಾತು. ಸೌತೆಗೆ 37 ಶೇಕಡಾ ಅಷ್ಟು ಸುಲಭವಾಗಿ ಸಿಗುವುದಾದರೆ ಇಷ್ಟು ವರ್ಷದಲ್ಲಿ ಪ್ರಪಂಚದ ಎಲ್ಲ ಹಸಿರುಮನೆಯಲ್ಲೂ ಸ್ಪೀಕರ್ ಇರಬೇಕಿತ್ತು. ಹನಿ ನೀರಾವರಿ ಬಂತು, ಎಲ್ಲರೂ ಹಾಕಿಕೊಂಡರು. ಯಾರೂ ಬೈಕಿನಲ್ಲಿ ಮನೆ ಮನೆಗೆ ಬಂದು ಒಪ್ಪಿಸಬೇಕಾಗಲಿಲ್ಲ.

ದುಬೈಯಿಂದ ಉಪ್ಪಳ
ಹನಿ ನೀರಾವರಿಗೂ ಸಬ್ಸಿಡಿ ಕೊಟ್ಟು ಒಪ್ಪಿಸಿದ್ದೇ ಅಲ್ವಾ? ಎಲ್ಲರೂ ಮಾಡುತ್ತಿಲ್ಲ ಅಂದ ಮಾತ್ರಕ್ಕೆ ಸುಳ್ಳು ಅಂತ ಆಗುವುದಿಲ್ಲ.

ತೋಟದ ಟೀಚರ್, ನೀರ್ಚಾಲು
ಆಗುವುದಿಲ್ಲ, ಸರಿ. ಆದರೆ ಅಮೆರಿಕದಲ್ಲಿ ಡ್ಯಾನ್ ಕಾರ್ಲ್‌ಸನ್ ಎಂಬವರು ಮಾರಿದ್ದನ್ನೂ ನೋಡಿ. ಹಕ್ಕಿ ಕೂಗಿನಂಥ ಶಬ್ದ ಹಾಕುವುದು, ಜೊತೆಗೆ ಎಲೆಗೆ ಪೋಷಕಾಂಶದ ದ್ರಾವಣ ಸಿಂಪಡಿಸುವುದು. ಎರಡನ್ನೂ ಒಟ್ಟಿಗೆ ಮಾಡಿದ ಮೇಲೆ ಬೆಳೆ ಬಂದದ್ದು ಯಾವುದರಿಂದ? ಸುರಂಗದ ನೀರಿನವರೇ, ನಿಮ್ಮಲ್ಲಿಗೆ ಬಂದವರು ಸ್ಪೀಕರಿನ ಜೊತೆ ಬೇರೆ ಏನಾದರೂ ಕೊಡುತ್ತಾರಾ?

ಸುರಂಗದ ನೀರು, ಪೆರ್ಲ
ಹೌದು ಟೀಚರೇ! ಐದು ಲೀಟರಿನ ಒಂದು ಕ್ಯಾನ್ ಫ್ರೀ. ತಿಂಗಳಿಗೊಮ್ಮೆ ಬುಡಕ್ಕೆ ಬಿಡಬೇಕಂತೆ.

ಕಾಳುಮೆಣಸು
ಮುಗಿಯಿತು.

ಕೊನೆಗಾರ
ಟೀಚರ್, ಲ್ಯಾಬ್ ಎಲ್ಲ ದೊಡ್ಡ ಮಾತಾಡಿದಿರಿ. ಮರ ಹತ್ತುವವನ ಒಂದು ಪ್ರಶ್ನೆ. ಹಿಂಗಾರ ಬಿಚ್ಚಿದಲ್ಲಿಂದ ಅಡಿಕೆ ಹಣ್ಣಾಗಲು ಎಂಟು ತಿಂಗಳಾದರೂ ಬೇಡವಾ? ಮೂರು ತಿಂಗಳಲ್ಲಿ ಇಳುವರಿ ಹೆಚ್ಚುವುದು ಹೇಗೆ? ಮೂರು ತಿಂಗಳ ಮೇಲೆ ಕೊಯ್ಯುವ ಗೊನೆ ಈಗಾಗಲೇ ಮರದಲ್ಲಿ ಇದೆ. ಅದರಲ್ಲಿ ಎಷ್ಟು ಕಾಯಿ ಅಂತ ಆಗಲೇ ತೀರ್ಮಾನ ಆಗಿದೆ. ಸ್ಪೀಕರ್ ಕಟ್ಟಿದರೆ ಗೊನೆಗೆ ಹೊಸ ಕಾಯಿ ಅಂಟಿಕೊಳ್ಳುತ್ತದಾ?

ತೋಟದ ಟೀಚರ್, ನೀರ್ಚಾಲು
ಇಷ್ಟೊತ್ತು ನಾವೆಲ್ಲ ಬರೆದದ್ದಕ್ಕಿಂತ ಈ ಮಾತು ದೊಡ್ಡದು.

ಚೆಂಡೆಪೆಟ್ಟು
ಕೊನೆಗಾರರಿಗೆ ಒಂದು ಡಾಕ್ಟರೇಟ್ ಕೊಡಿ.

ಕೊನೆಗಾರ
ಡಾಕ್ಟರೇಟ್ ಬೇಡ. ಮಳೆಗಾಲದಲ್ಲಿ ಮದ್ದು ಬಿಡುವ ಕೂಲಿ ಜಾಸ್ತಿ ಮಾಡಿ.

ಎಣ್ಮಕಜೆ
ನಮ್ಮ ಪಂಚಾಯತಿನಲ್ಲಿ ತೋಟದ ಮೇಲೆ ಶಬ್ದ ಅಂದರೆ ಹಿರಿಯರಿಗೆ ನೆನಪಾಗುವುದು ಒಂದೇ. ಗೇರು ತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸುರಿಯಲು ಬರುತ್ತಿದ್ದ ಹೆಲಿಕಾಪ್ಟರ್. 2000ದವರೆಗೂ ಬರುತ್ತಿತ್ತು. ಏನೂ ಆಗುವುದಿಲ್ಲ, ಬಾವಿಗೆ ಸೋಗೆ ಮುಚ್ಚಿ ಸಾಕು ಅಂತ ಹೇಳುತ್ತಿದ್ದರು. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಲು 2011 ಆಯಿತು. ಕ್ಯಾನಿನಲ್ಲಿ ಏನಿದೆ ಅಂತ ಲೇಬಲ್ ಓದದೆ ಬುಡಕ್ಕೆ ಬಿಡಬೇಡಿ ತಮ್ಮ. ಇಷ್ಟೇ ಹೇಳಲು ಬಂದೆ.

ಬಾಯಾರು ಮಾವ
ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಎಣ್ಮಕಜೆ
ಸಂಬಂಧ ಇಲ್ಲದಿರಲಿ ಅಂತಲೇ ನನ್ನ ಆಸೆ. ಲೇಬಲ್ ಓದಲಿ.

ಸುರಂಗದ ನೀರು, ಪೆರ್ಲ
ಓದಿದೆ ಅಣ್ಣ. ಲೇಬಲ್ಲಿನಲ್ಲಿ ಒಂದು ಹಸಿರು ಎಲೆಯ ಚಿತ್ರ, ಪೂರ್ತಿ ಸಾವಯವ ಅಂತ ದೊಡ್ಡ ಅಕ್ಷರ. ಒಳಗೆ ಏನಿದೆ ಅಂತ ಇಲ್ಲ. ಕ್ಯಾನ್ ವಾಪಸು ಕೊಡುತ್ತೇನೆ.

ಬದನೆ ಬೆಳೆಗಾರ, ಅಡೂರು
ಅಡಿಕೆ ಬಿಡಿ. ನನ್ನ ಬದನೆಯಲ್ಲಿ ಹೂವು ತುಂಬಾ, ಕಾಯಿ ಕಡಿಮೆ. ಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ, ಮುಜಂಟಿಯೂ (ಕುಟುಕದ ಸಣ್ಣ ಜೇನು) ಇದೆ. ಆದರೂ ಕಾಯಿ ಕಚ್ಚುವುದಿಲ್ಲ. ಸ್ಪೀಕರ್ ಇದಕ್ಕಾದರೂ ಆದೀತಾ?

ಲ್ಯಾಬ್ ಹುಡುಗಿ
ಅಣ್ಣ, ಈ ಇಡೀ ಚರ್ಚೆಯಲ್ಲಿ ಶಬ್ದದಿಂದ ನಿಜವಾಗಿ ಲಾಭ ಇರುವ ಬೆಳೆ ನಿಮ್ಮದೇ!

ಬದನೆ, ಟೊಮೇಟೊ ಹೂವಿನ ಪರಾಗ ಹೊರಗೆ ಇರುವುದಿಲ್ಲ. ಹಳದಿ ಕೊಳವೆಯಂಥ ಪರಾಗಕೋಶದ ಒಳಗೆ ಇರುತ್ತದೆ. ಬದನೆ ಹೂವು ಬಿಡಿಸಿ ನೋಡಿ, ಕೊಳವೆಯ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು ಮಾತ್ರ ಕಾಣುತ್ತದೆ. ಪರಾಗ ಅಲ್ಲಿಂದಲೇ ಉದುರಬೇಕು. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ ಇದೆಯಲ್ಲ, ಅದು ಬಂದು ಹೂವನ್ನು ತಬ್ಬಿ ಹಿಡಿಯುತ್ತದೆ. ರೆಕ್ಕೆ ಬಡಿಯದೆ ಎದೆಯ ಸ್ನಾಯುವನ್ನು ಮಾತ್ರ ನಡುಗಿಸುತ್ತದೆ. ಹತ್ತಿರ ನಿಂತರೆ ಝುಂಯ್ ಅಂತ ಗಟ್ಟಿ ಶಬ್ದ ಕೇಳುತ್ತದೆ. ಆ ನಡುಕಕ್ಕೆ ಪರಾಗ ಹಿಟ್ಟಿನ ಹಾಗೆ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಹೊಟ್ಟೆಯಲ್ಲಿ ನೀಲಿ ಪಟ್ಟೆ ಇರುವ ಸಣ್ಣ ಜೇನು ಕೂಡ ಹೀಗೆಯೇ ಮಾಡುತ್ತದೆ. ತುಡುವೆಗೆ ಈ ವಿದ್ಯೆ ಬರುವುದಿಲ್ಲ, ಮುಜಂಟಿಗೂ ಇಲ್ಲ. ಅದಕ್ಕೇ ಪೆಟ್ಟಿಗೆ ಇದ್ದರೂ ನಿಮಗೆ ಪೂರ್ತಿ ಪ್ರಯೋಜನ ಆಗುತ್ತಿಲ್ಲ.

ದುಂಬಿ ಬರಬೇಕಾದರೆ ಒಣಗಿದ ಮರದ ತುಂಡು, ಟೊಳ್ಳು ಬಿದಿರು ಬದಿಯಲ್ಲಿ ಇಟ್ಟಿರಲಿ. ಹೂ ಬಿಡುವ ಸಮಯದಲ್ಲಿ ಕೀಟನಾಶಕ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ. ಹಸಿರುಮನೆಗಳಲ್ಲಿ ದುಂಬಿ ಇಲ್ಲದಾಗ ಬ್ಯಾಟರಿಯ ಹಲ್ಲುಜ್ಜುವ ಬ್ರಷ್ಷನ್ನು ಹೂವಿನ ತೊಟ್ಟಿಗೆ ತಾಗಿಸುತ್ತಾರೆ. ನೀವೂ ಕೆಲವು ಗಿಡಕ್ಕೆ ಮಾಡಿ ನೋಡಿ.

ಬದನೆ ಬೆಳೆಗಾರ, ಅಡೂರು
ಆ ಕಪ್ಪು ದುಂಬಿ ನಮ್ಮ ಹಟ್ಟಿಯ ಮಾಡಿನ ಮರದ ಪಕ್ಕಾಸು ಕೊರೆಯುತ್ತದೆ ಅಂತ ತೂತಿಗೆಲ್ಲ ಸೀಮೆಣ್ಣೆ ಹಾಕುತ್ತಿದ್ದೆವು.

ಮಲ್ಲಿಗೆ ಅಕ್ಕ, ಮಂಜೇಶ್ವರ
ಈಗ ಪಕ್ಕಾಸು ಮುಖ್ಯವೋ, ಬದನೆ ಮುಖ್ಯವೋ ತೀರ್ಮಾನ ಮಾಡಿ.

ಗದ್ದೆಬದಿ
ಎರೆಹುಳಕ್ಕೆ ಸಂಗೀತ ಕೇಳುತ್ತದಾ? ನನ್ನ ಗೊಬ್ಬರದ ತೊಟ್ಟಿಯ ಹತ್ತಿರವೇ ಮಗಳು ಹಾಡು ಅಭ್ಯಾಸ ಮಾಡುವುದು.

ತೋಟದ ಟೀಚರ್, ನೀರ್ಚಾಲು
ಡಾರ್ವಿನ್ ಇದನ್ನೇ ನೋಡಿದ್ದಾರೆ. 1881ರಲ್ಲಿ ಬರೆದಿದ್ದಾರೆ. ಮನೆಯವರೆಲ್ಲ ಸೇರಿ ಎರೆಹುಳದ ಮುಂದೆ ಸೀಟಿ ಊದಿದರು, ಬಸೂನ್ ಎಂಬ ದೊಡ್ಡ ವಾದ್ಯ ಊದಿದರು, ಪಿಯಾನೋ ಬಾರಿಸಿದರು. ಹುಳಗಳು ಜಪ್ಪಯ್ಯ ಅನ್ನಲಿಲ್ಲ. ಆದರೆ ಹುಳ ಇದ್ದ ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಬಾರಿಸಿದಾಗ ತಟ್ಟನೆ ಬಿಲದೊಳಗೆ ಹೋದವು. ಗಾಳಿಯಲ್ಲಿ ಬಂದದ್ದು ತಿಳಿಯಲಿಲ್ಲ, ಮಣ್ಣಿನಲ್ಲಿ ಬಂದದ್ದು ತಿಳಿಯಿತು. ಮಗಳು ಧೈರ್ಯವಾಗಿ ಹಾಡಲಿ.

ಕಾಳುಮೆಣಸು
ಸಸಿ ಅಲುಗಾಡಿಸಿದರೆ ಗಟ್ಟಿಯಾಗುತ್ತದೆ ಅಂತ ನನ್ನ ಅಜ್ಜಿ ಹೇಳುತ್ತಿದ್ದಳು. ಅದರಲ್ಲಿ ಏನಾದರೂ ಇದೆಯಾ?

ತೋಟದ ಟೀಚರ್, ನೀರ್ಚಾಲು
ಇದೆ. 1973ರಲ್ಲಿ ಮಾರ್ಕ್ ಜಾಫ್ ಎಂಬ ವಿಜ್ಞಾನಿ ಅದಕ್ಕೊಂದು ಉದ್ದದ ಹೆಸರೇ ಇಟ್ಟರು. ದಿನಾ ಮುಟ್ಟಿದರೆ, ಗಾಳಿಗೆ ಅಲುಗಿದರೆ ಗಿಡ ಎತ್ತರಕ್ಕೆ ಹೋಗುವುದು ಬಿಟ್ಟು ಗಿಡ್ಡವಾಗಿ, ದಪ್ಪವಾಗಿ ಬೆಳೆಯುತ್ತದೆ. ಇದೂ ಕಂಪನವೇ, ಆದರೆ ಬೆಳವಣಿಗೆ ಜಾಸ್ತಿ ಮಾಡುವುದಲ್ಲ, ಕಡಿಮೆ ಮಾಡುವುದು! ನಡುಗಿಸಿದರೆ ಬೆಳೆಯುತ್ತದೆ ಅಂತ ಸುಮ್ನೆ ಹೇಳಲು ಆಗದಿರುವುದು ಇದಕ್ಕೇ.

ತೆಂಗಿನ ಬುಡ, ಕುಡ್ಲು
ನಾವು ಗಿಡಕ್ಕೆ ಕೇಳಿಸುವುದರ ಬಗ್ಗೆಯೇ ಮಾತಾಡುತ್ತಿದ್ದೇವೆ. ಗಿಡದಿಂದ ನಾವು ಕೇಳಿಸಿಕೊಳ್ಳುವುದೂ ಇದೆ. ಕೆಂಪು ಮೂತಿ ಹುಳು ತೆಂಗಿನ ಕಾಂಡದ ಒಳಗೆ ತಿನ್ನುವಾಗ ಶಬ್ದ ಬರುತ್ತದೆ. ನಮ್ಮ ಮನೆಯ ಹಿಂದೆ ಒಂದು ಎಳೆ ತೆಂಗು ಇತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಕಾಂಡದ ಒಂದು ಕಡೆ ಕಂದು ಬಣ್ಣದ ರಸ ಸ್ವಲ್ಪ ಒಸರಿತ್ತು, ಅಲ್ಲೇ ಜಗಿದು ಉಗುಳಿದ ಹಾಗೆ ನಾರು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕಿವಿ ಒತ್ತಿ ನಿಂತೆ. ಒಳಗಿನಿಂದ ಕರ್ ಕರ್, ಸ್ವಲ್ಪ ಬಿಡುವು, ಮತ್ತೆ ಕರ್ ಕರ್. ಮೈ ಜುಂ ಅಂದಿತು. ಶಿರಿ (ಮರದ ತುದಿ) ಬಾಗಿದ ಮೇಲೆ ಗೊತ್ತಾದರೆ ಆ ಮರ ಕೈಬಿಟ್ಟ ಹಾಗೆಯೇ. ಈ ಶಬ್ದವನ್ನು ಹಿಡಿಯುವ ಯಂತ್ರಗಳ ಮೇಲೆ ಬೇರೆ ಬೇರೆ ದೇಶಗಳಲ್ಲಿ ಕೆಲಸ ನಡೆದಿದೆ. ಸ್ಪೀಕರಿಗೆ ಹಾಕುವ ದುಡ್ಡನ್ನು ಮೈಕಿಗೆ ಹಾಕಿದರೆ ಹೆಚ್ಚು ಲಾಭ ಅಂತ ನನ್ನ ಲೆಕ್ಕ.

ಲ್ಯಾಬ್ ಹುಡುಗಿ
2023ರಲ್ಲಿ ಟೆಲ್ ಅವೀವಿನವರೇ ಇನ್ನೊಂದು ತೋರಿಸಿದ್ದಾರೆ. ನೀರಿಲ್ಲದೆ ಒಣಗುತ್ತಿರುವ ಟೊಮೇಟೊ, ಹೊಗೆಸೊಪ್ಪಿನ ಗಿಡಗಳು ಗಂಟೆಗೆ 30ರಿಂದ 50 ಸಲ ಟಿಕ್ ಟಿಕ್ ಅನ್ನುತ್ತವೆ. ಚೆನ್ನಾಗಿರುವ ಗಿಡ ಗಂಟೆಗೆ ಒಂದು ಸಲವೂ ಅನ್ನುವುದಿಲ್ಲ. ನಮ್ಮ ಕಿವಿಗೆ ಕೇಳುವುದಿಲ್ಲ, 40ರಿಂದ 80 ಕಿಲೋಹರ್ಟ್ಸ್. ನೀರಿನ ನಾಳದೊಳಗೆ ಗಾಳಿಗುಳ್ಳೆ ಒಡೆಯುವ ಶಬ್ದ ಇರಬೇಕು ಅನ್ನುತ್ತಾರೆ.

ಸುರಂಗದ ನೀರು, ಪೆರ್ಲ
ಹಾಗಾದರೆ ಏಪ್ರಿಲ್ ತಿಂಗಳಲ್ಲಿ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಕಡಿಮೆಯಾದಾಗ ನಮ್ಮ ತೋಟದಲ್ಲಿ ಗಲಾಟೆಯೋ ಗಲಾಟೆ!

ಚೆಂಡೆಪೆಟ್ಟು
ಅದನ್ನು ಮೈಕ್‌ಸೆಟ್‌ನವರು ಆಂಪ್ಲಿಫೈಯರಿಗೆ ಹಾಕಲಿ. ನೀರು ಬಿಡಲು ಆಲಾರಾಂ ಆಯಿತು.

ಲ್ಯಾಬ್ ಹುಡುಗಿ
ಇನ್ನೊಂದು ನಿಮಗೆಲ್ಲ ಹತ್ತಿರದ್ದು. ಟ್ರೈಕೋಡರ್ಮಾ ಗೊತ್ತಲ್ಲ, ಕಾಳುಮೆಣಸಿನ ಸೊರಗು ರೋಗಕ್ಕೆ ಬೇವಿನ ಹಿಂಡಿ, ಹಟ್ಟಿಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುವ ಶಿಲೀಂಧ್ರ. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಅದಕ್ಕೆ ದಿನಕ್ಕೆ ಅರ್ಧ ಗಂಟೆ, 80 ಡೆಸಿಬಲ್, 8 ಕಿಲೋಹರ್ಟ್ಸ್‌ನ ಒಂದೇ ಸ್ವರ ಕೇಳಿಸಿದರು. ಐದು ದಿನದಲ್ಲಿ ಶಬ್ದ ಕೇಳದವುಗಳಿಗಿಂತ ಜಾಸ್ತಿ ಬೆಳೆದು ಜಾಸ್ತಿ ಬೀಜಕಣ ಮಾಡಿತು. ಲ್ಯಾಬಿನ ತಟ್ಟೆಯಲ್ಲಿ, ನೆನಪಿರಲಿ. ಹಾಡಲ್ಲ, ಕಿವಿ ಕೊರೆಯುವ ಕೀ ಅನ್ನುವ ಶಬ್ದ.

ಕಾಳುಮೆಣಸು
ಜೀರುಂಡೆ ಸಾಕಾಗುವುದಿಲ್ಲವಾ? ಮಳೆಗಾಲಕ್ಕೆ ಮೊದಲು ಅವೂ ಅದನ್ನೇ ಮಾಡುವುದು.

ಸುರಂಗದ ನೀರು, ಪೆರ್ಲ
ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕೊನೆಗಾರರ ಎಂಟು ತಿಂಗಳ ಮಾತು ಕೇಳಿ ಸ್ವಲ್ಪ ಸುಮ್ಮನಾದರು. ಬೈಕಿನವರಿಗೆ ಫೋನ್ ಮಾಡಿ, ಈಗ ಕಟ್ಟಿ ಹೋಗಿ, ಫಸಲು ಹೆಚ್ಚಾದರೆ ಕೊಯ್ಲು ಮುಗಿದ ಮೇಲೆ ಪೂರ್ತಿ ದುಡ್ಡು ಕೊಡುತ್ತೇನೆ, ಬೇಕಾದರೆ 20,000 ಕೊಡುತ್ತೇನೆ ಅಂದೆ. ಮೇಲಿನವರ ಹತ್ತಿರ ಕೇಳಿ ಹೇಳುತ್ತೇವೆ ಅಂದರು. ಆಮೇಲೆ ಫೋನ್ ಎತ್ತುತ್ತಿಲ್ಲ.

ಆದರೆ ನಳ್ಳಿ ಉದುರುವುದು ಹಾಗೇ ಇದೆ. ಅದಕ್ಕೆ ಏನು ಮಾಡಲಿ?

ಕೊನೆಗಾರ
ಬಿದ್ದ ನಳ್ಳಿ ಹೆಕ್ಕಿ ನೋಡಿ. ಸೂಜಿ ಚುಚ್ಚಿದ ಹಾಗೆ ಕಪ್ಪು ಚುಕ್ಕೆ ಇದ್ದರೆ ತಿಗಣೆ. ಹಿಂಗಾರದ ಕಡ್ಡಿ ತುದಿಯಿಂದ ಒಣಗುತ್ತಾ ಬಂದಿದ್ದರೆ ಅದು ರೋಗ, ಬೇರೆ ಮದ್ದು. ಎರಡೂ ಇಲ್ಲದಿದ್ದರೆ ಗೊಬ್ಬರ, ನೀರಿನ ಕಡೆ ನೋಡಿ.

ತೋಟದ ಟೀಚರ್, ನೀರ್ಚಾಲು
ಸರಿಯಾದ ಕ್ರಮ. ನಳ್ಳಿಯನ್ನು ಒಂದು ಚೀಲದಲ್ಲಿ ಹಾಕಿ ಕುಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಗೋ ವಿಟ್ಲದ ಕೇಂದ್ರಕ್ಕೋ ತೋರಿಸಿ. ಗೊಬ್ಬರ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಅಂತ ಹೇಳುತ್ತಾರೆ. ಎಕರೆಗೆ 550 ಮರ ಅಂದರೂ ಆ 18,000 ಮರವೊಂದಕ್ಕೆ 33 ರೂಪಾಯಿ ಆಯಿತು. ನಮ್ಮಲ್ಲಿ ಹೆಚ್ಚಿನವರು ಮಾಡದೆ ಬಿಡುವುದು ಪೊಟ್ಯಾಷ್. ಆ ದುಡ್ಡು ಅಲ್ಲಿಗೆ ಹಾಕಿ.

ಬಾಯಾರು ಮಾವ
ಎಲ್ಲ ಸರಿ. ಆದರೆ ಯಾರೂ ಇಲ್ಲಿ ಮಾಡಿ ನೋಡಿಲ್ಲ. ನನ್ನ ತೋಟದಲ್ಲಿ ಮಾಡುತ್ತೇನೆ. ಟೀಚರೇ, ನಿಮ್ಮ ಲೆಕ್ಕದಲ್ಲೇ ಮಾಡುತ್ತೇನೆ. ಹೇಗೆ ಅಂತ ಹೇಳಿ.

ತೋಟದ ಟೀಚರ್, ನೀರ್ಚಾಲು
ಮಾವ, ಕೈಮುಗಿದೆ. ಮೊದಲು ಒಂದೇ ಪ್ರಾಯದ, ಒಂದೇ ತಳಿಯ ಮರಗಳನ್ನು ಗುರುತು ಮಾಡಿ. ದೂರ ದೂರ ಇರುವ ಎರಡು ಗುಂಪು ಮಾಡಿ, ಯಾವ ಗುಂಪಿಗೆ ಹಾಡು ಅಂತ ಚೀಟಿ ಎತ್ತಬೇಕು, ನೀವು ಆರಿಸಬಾರದು. ಆರಿಸಿದರೆ ಒಳ್ಳೆಯ ಮರ ಸ್ಪೀಕರಿನ ಕಡೆಗೇ ಹೋಗುತ್ತದೆ. ಎರಡೂ ಕಡೆ ಸ್ಪೀಕರ್ ಕಟ್ಟಿ, ಒಂದು ಕಡೆಯದಕ್ಕೆ ವಯರ್ ಕೊಡಬೇಡಿ. ನೀರು, ಗೊಬ್ಬರ, ಮದ್ದು ಎಲ್ಲ ಸಮ. ಅಡಿಕೆಗೆ ಒಂದು ವರ್ಷ ಏರು, ಒಂದು ವರ್ಷ ಇಳಿ ಇರುವುದರಿಂದ ಎರಡು ವರ್ಷವಾದರೂ ಬೇಕು. ಎರಡನೇ ವರ್ಷ ಸ್ಪೀಕರ್ ಆಚೆ ಈಚೆ ಬದಲಿಸಿ. ಮುಖ್ಯವಾಗಿ, ಗೊನೆ ಎಣಿಸುವವರಿಗೆ ಯಾವ ಕಡೆ ಹಾಡಿತ್ತು ಅಂತ ಗೊತ್ತಿರಬಾರದು.

ಮೈಕ್‌ಸೆಟ್, ಬದಿಯಡ್ಕ
ಎರಡು ಹಳೆಯ ಹಾರನ್ ಇದೆ. ಬಾಡಿಗೆ ಬೇಡ ಮಾವ. ಒಂದಕ್ಕೆ ಹೇಗೂ ಕಾಯಿಲ್ ಸುಟ್ಟಿದೆ, ಅದನ್ನು ವಯರ್ ಇಲ್ಲದ ಕಡೆಗೆ ಕಟ್ಟುವ.

ತೋಟದ ಟೀಚರ್, ನೀರ್ಚಾಲು
ಎರಡನೇ ವರ್ಷ ಅದು ಹಾಡಬೇಕಲ್ಲ! ಕಾಯಿಲ್ ಹಾಕಿಸಿ ಕೊಡಿ.

ಬಾಯಾರು ಮಾವ
ಚಾರುಕೇಶಿಯೇ ಹಾಕುವುದು. ಅದರಲ್ಲಿ ರಾಜಿ ಇಲ್ಲ.

ಚೆಂಡೆಪೆಟ್ಟು
ಗೊನೆ ಎಣಿಸಲು ನಾನು ಬರುತ್ತೇನೆ. ಬಾಯಾರಿಗೆ ಬಂದರೆ ಊಟ ಉಂಟಾ ಮಾವ?

ಬಾಯಾರು ಮಾವ
ಉಂಟು. ಪಾಯಸವೂ ಉಂಟು. ಎಣಿಸಿ ಮುಗಿದ ಮೇಲೆ.